ಹಳೆ ಪಿಕಪ್‌ನ ಸ್ಟೀರಿಂಗ್: ಸದ್ದು ಬೇರೆ, ನಡುಕ ಬೇರೆ

ಹಳೆ ಪಿಕಪ್‌ನ ಸ್ಟೀರಿಂಗ್‌ನಲ್ಲಿ ಸದ್ದು ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಸ್ಟೀರಿಂಗ್ ಬಾಕ್ಸ್ ಮೇಲೆ, ಅಂದರೆ ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳ ಕೊಂಡಿಗಳಿಗೆ ದಾಟಿಸುವ ಗೇರ್ ಪೆಟ್ಟಿಗೆ ಮೇಲೆ. ನನ್ನ ಗಾಡಿ ನೋಡಿದವರೂ ಅದನ್ನೇ ಹೇಳಿದರು. ‘ಬಾಕ್ಸ್ ಹೋಗಿದೆ, ಬದಲಾಯಿಸಿಬಿಡಿ.’ ಬಾಕ್ಸ್ ದುಬಾರಿ ಭಾಗ, ಬಿಚ್ಚುವುದೂ ಕಷ್ಟ. ಅದನ್ನು ಕೊನೆಗೆ ಅನುಮಾನಿಸಬೇಕು ಅನ್ನುವುದು ನನ್ನ ಲೆಕ್ಕ. ಸದ್ದು, ನಡುಕ ಎರಡೂ ನಮ್ಮ ಕೈಗೆ ಗೊತ್ತಾಗುವುದು ಸ್ಟೀರಿಂಗ್‌ನಲ್ಲಿ. ಹಾಗಂತ ದೋಷ ಅಲ್ಲೇ ಇರಬೇಕು ಅಂತೇನಿಲ್ಲ. ಈ ಗಾಡಿಯಲ್ಲಿ ಸಿಕ್ಕಿದ ದೋಷಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು. ಬಾಕ್ಸ್ ಇವತ್ತಿಗೂ ಹಳೆಯದೇ ಇದೆ.

ಗಾಡಿಯ ಜೋಡಣೆ ಮೊದಲು ಹೇಳಿಬಿಡುತ್ತೇನೆ. ಏಣಿಯಂಥ ಚೌಕಟ್ಟಿನ ಲ್ಯಾಡರ್ ಚಾಸಿ, ಹಿಂದೆ ಲೀಫ್ ಸ್ಪ್ರಿಂಗ್, ಮುಂದೆ ಎರಡೂ ಕಡೆ ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು. ಸ್ಟೀರಿಂಗ್ ಕಾಲಮ್ ಕೆಳಗಿಳಿದು ಒಂದು ರಬ್ಬರ್ ಬಿಲ್ಲೆಯ ಕಪ್ಲಿಂಗ್ ಮೂಲಕ ಬಾಕ್ಸ್‌ಗೆ ಸೇರುತ್ತದೆ. ಬಾಕ್ಸ್‌ನಿಂದ ಹೊರಬರುವ ತೋಳು ಪಿಟ್‌ಮನ್ ಆರ್ಮ್, ಅದರಿಂದ ಅಡ್ಡಲಾಗಿ ಹೋಗುವ ಸರಳು ಸೆಂಟರ್ ಲಿಂಕ್. ಲಿಂಕ್‌ನ ಇನ್ನೊಂದು ತುದಿಯನ್ನು ಚಾಸಿಗೆ ಕಟ್ಟಿದ ಐಡ್ಲರ್ ಆರ್ಮ್ ಹಿಡಿದುಕೊಂಡಿರುತ್ತದೆ. ಲಿಂಕ್‌ನಿಂದ ಎರಡೂ ಚಕ್ರಗಳಿಗೆ ಒಂದೊಂದು ಟೈ ರಾಡ್. ಕೀಲುಗಳನ್ನು ಎಣಿಸಿ ನೋಡಿ. ಟೈ ರಾಡ್‌ಗಳ ತುದಿಯ ಕೀಲು (ಟೈ ರಾಡ್ ಎಂಡ್) 4, ಲಿಂಕ್‌ನ ಎರಡು ತುದಿಗೆ 2, ಐಡ್ಲರ್ ಆರ್ಮ್ ತಿರುಗುವ ಜಾಗ 1. ಒಟ್ಟು 7. ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಸವೆದರೂ ಎಲ್ಲ ಸೇರಿ ಸ್ಟೀರಿಂಗ್‌ನ ಅಂಚಿಗೆ ಬರುವ ಹೊತ್ತಿಗೆ ಎರಡು ಬೆರಳು ಅಗಲದ ಸಡಿಲ ಆಗುತ್ತದೆ. ಬಾಕ್ಸ್ ಹೋಗಿದೆ ಅನ್ನಿಸುವುದು ಹೀಗೇ.

ತೊಂದರೆಗಳು ಇವು. ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿ ತಿರುಗಿಸಿದರೆ ‘ಗುಂಯ್’ ಅಂತ ನರಳುವ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಪೂರ್ತಿ ಲಾಕ್‌ವರೆಗೆ, ಅಂದರೆ ಇನ್ನು ತಿರುಗದ ಕೊನೆಯವರೆಗೆ ತಿರುಗಿಸಿದರೆ ಬೋನೆಟ್ ಒಳಗಿಂದ ‘ಕಿರ್ರ್’. ನಿಂತಲ್ಲೇ ಎಡಕ್ಕೆ ಬಲಕ್ಕೆ ಆಡಿಸಿದರೆ ಕಾಲಡಿಯಲ್ಲಿ ‘ಟಕ್’. ಇದಿಷ್ಟು ಸದ್ದು. ಇನ್ನು ನಡುಕ. 75ರಿಂದ 90 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಕೈಯಲ್ಲೇ ಅದುರುತ್ತಿತ್ತು. ಅದಕ್ಕಿಂತ ಮೇಲೆ ಹೋದರೆ ಕಡಿಮೆಯಾಗುತ್ತಿತ್ತು.

ಬಿಚ್ಚುವ ಮೊದಲು

ಸ್ಪ್ಯಾನರ್ ಹಿಡಿಯುವ ಮೊದಲು ಯಾವ ಸದ್ದು ಯಾವಾಗ ಬರುತ್ತದೆ ಅಂತ ಬರೆದಿಟ್ಟುಕೊಂಡೆ. ಎಂಜಿನ್ ಆಫ್ ಇದ್ದಾಗಲೂ ಬರುತ್ತದಾ? ಗಾಡಿ ನಿಂತಿದ್ದಾಗ ಬರುತ್ತದಾ? ನೇರ ಹೋಗುವಾಗ ಬರುತ್ತದಾ, ತಿರುವಿನಲ್ಲಿ ಮಾತ್ರವಾ? ಬ್ರೇಕ್ ಒತ್ತಿದರೆ ಬದಲಾಗುತ್ತದಾ? ಇಷ್ಟು ಪ್ರಶ್ನೆಗೆ ಉತ್ತರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆಯೇ.

‘ಗುಂಯ್’ ಮತ್ತು ‘ಕಿರ್ರ್’ ಎಂಜಿನ್ ಓಡುತ್ತಿದ್ದರೆ ಮಾತ್ರ. ಅಂದರೆ ಅವು ಪವರ್ ಸ್ಟೀರಿಂಗ್‌ನ ಪಂಪ್, ಅದನ್ನು ತಿರುಗಿಸುವ ಬೆಲ್ಟ್, ಆಯಿಲ್ ಕಡೆಯವು. ‘ಟಕ್’ ಎಂಜಿನ್ ಆಫ್ ಇದ್ದರೂ ಬರುತ್ತಿತ್ತು. ಸ್ಟೀರಿಂಗ್ ಗಟ್ಟಿಯಾಗಿ ಎಳೆಯಬೇಕಿತ್ತು ಅಷ್ಟೆ. ಅಂದರೆ ಅದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಆಯಿಲ್‌ಗೆ ಸಂಬಂಧ ಇಲ್ಲ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಾಗಲಿಲ್ಲ. ಹಾಗಾಗಿ ಬ್ರೇಕ್ ಡಿಸ್ಕ್‌ಗಳನ್ನು ಪಟ್ಟಿಯಿಂದ ತೆಗೆದೆ. ಡಿಸ್ಕ್‌ನ ದಪ್ಪ ಒಂದೇ ಸಮ ಇಲ್ಲದಿದ್ದರೆ ಬ್ರೇಕ್ ಒತ್ತಿದ ಕೂಡಲೇ ಸ್ಟೀರಿಂಗ್ ಅದುರುತ್ತದೆ, ಪೆಡಲ್‌ನಲ್ಲೂ ಗೊತ್ತಾಗುತ್ತದೆ.

ನಡುಕಕ್ಕೆ ಒಂದು ಸಣ್ಣ ಲೆಕ್ಕ ಮಾಡಿದೆ. ಈ ಲೆಕ್ಕ ನನಗೆ ತುಂಬಾ ಇಷ್ಟ. ಟೈರ್ 215/75 ಆರ್ 15. ಅದರ ಎತ್ತರ ಸುಮಾರು 70 ಸೆಂ.ಮೀ., ಸುತ್ತಳತೆ ಸುಮಾರು 2.2 ಮೀಟರ್. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 4.1. ಹಾಗಾಗಿ ಅದೇ ವೇಗದಲ್ಲಿ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆ ಶಾಫ್ಟ್, ಸೆಕೆಂಡಿಗೆ 41 ಸುತ್ತು. ಇವೆರಡೂ ಕೈಗೆ ಒಂದೇ ಥರ ಅನ್ನಿಸುವುದಿಲ್ಲ. ಸೆಕೆಂಡಿಗೆ 10 ಅಂದರೆ ಸ್ಟೀರಿಂಗ್ ಎಡಬಲ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಸೆಕೆಂಡಿಗೆ 41 ಅಂದರೆ ಕುಣಿತ ಕಾಣುವುದಿಲ್ಲ, ಸೀಟಿನಲ್ಲಿ, ನೆಲದಲ್ಲಿ ‘ಝುಂ’ ಅಂತ ಇರುತ್ತದೆ.

ನನ್ನ ಗಾಡಿಯಲ್ಲಿ ಕಾಣುವ ಕುಣಿತವೇ ಜಾಸ್ತಿ. ಆದರೆ ಗಮನ ಕೊಟ್ಟು ಓಡಿಸಿದಾಗ ಅದರ ಕೆಳಗೆ ಆ ‘ಝುಂ’ ಕೂಡ ಇತ್ತು. ಅಂದರೆ ನಡುಕವೂ ಒಂದಲ್ಲ, ಎರಡು.

ಪಂಪ್‌ನ ನರಳಾಟ

ಸುಲಭದ್ದರಿಂದ ಶುರುಮಾಡಿದೆ. ಎಂಜಿನ್ ಸ್ವಲ್ಪ ಓಡಿಸಿ, ನಾಲ್ಕಾರು ಸಲ ಸ್ಟೀರಿಂಗ್ ತಿರುಗಿಸಿ, ಆಫ್ ಮಾಡಿದ ಕೂಡಲೇ ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೆ. ಆಯಿಲ್ ಮಟ್ಟ ಸರಿಯಾಗಿತ್ತು. ಆದರೆ ಕೆಂಪಗೆ ತಿಳಿಯಾಗಿರಬೇಕಾದ ಆಯಿಲ್ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು, ಮೇಲೆ ತೆಳ್ಳಗೆ ನೊರೆ. ಮುಚ್ಚಳ ತೆಗೆದಿಟ್ಟು ಕಾದರೆ ಗುಳ್ಳೆ ಎಲ್ಲ ಮೇಲೆ ಬಂದು ಒಡೆದು, ಆಯಿಲ್ ತಾನಾಗೇ ತಿಳಿಯಾಯಿತು. ಹೀಗಾದರೆ ಅದು ನೀರಲ್ಲ, ಗಾಳಿ. ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತಿತ್ತು. ಆ ನರಳಾಟ ಗುಳ್ಳೆಗಳು ಪಂಪ್ ಒಳಗೆ ಒತ್ತಡಕ್ಕೆ ಸಿಕ್ಕಿ ಒಡೆಯುವ ಸದ್ದು.

ಗಾಳಿ ಎಲ್ಲಿಂದ? ಇಲ್ಲಿ ತುಂಬಾ ಜನ ಎಡವುತ್ತಾರೆ. ಆಯಿಲ್ ಎಲ್ಲೂ ಸೋರುತ್ತಿಲ್ಲವಲ್ಲ, ಗಾಳಿ ಹೇಗೆ ಹೋಗುತ್ತದೆ ಅಂತ ಕೇಳುತ್ತಾರೆ. ಡಬ್ಬಿಯಿಂದ ಪಂಪ್‌ಗೆ ಹೋಗುವ ದಪ್ಪ ರಬ್ಬರ್ ಪೈಪ್‌ನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅಲ್ಲಿ ಸಣ್ಣ ಬಿರುಕಿದ್ದರೆ ಹೊರಗೆ ಒಂದು ಹನಿ ಬೀಳದೆಯೂ ಒಳಗೆ ಗಾಳಿ ಹೋಗುತ್ತದೆ. ಅದಕ್ಕೇ ನೆಲದ ಮೇಲೆ ಕಲೆ ಹುಡುಕಿದರೆ ಇದು ಸಿಗುವುದಿಲ್ಲ.

ಪೈಪ್‌ನ ಕ್ಲಾಂಪ್ ಸಡಿಲ ಮಾಡಿ ಹಿಂದಕ್ಕೆ ಸರಿಸಿದೆ. ಕ್ಲಾಂಪ್ ಕೂತಿದ್ದ ಜಾಗದಲ್ಲೇ ರಬ್ಬರ್ ಗಟ್ಟಿಯಾಗಿ, ಉದ್ದಕ್ಕೆ ಕೂದಲೆಳೆಯಂಥ ಬಿರುಕುಗಳು. ಉಗುರಿನಿಂದ ಒತ್ತಿದರೆ ಗುಳಿ ಬೀಳಲಿಲ್ಲ. ಮೆತ್ತಗಿರಬೇಕಾದ ರಬ್ಬರ್ ಪ್ಲಾಸ್ಟಿಕ್ ಥರ ಆಗಿತ್ತು. ಅಂಥ ಪೈಪ್‌ಗೆ ಕ್ಲಾಂಪ್ ಎಷ್ಟು ಬಿಗಿದರೂ ಹಿಡಿತ ಬರುವುದಿಲ್ಲ. ಪೈಪ್ ಬದಲಾಯಿಸಿದೆ. ಆಯಿಲ್ ತಡೆಯುವ ಪೈಪೇ ಹಾಕಬೇಕು. ರೇಡಿಯೇಟರ್ ನೀರಿನ ಪೈಪ್ ಅಳತೆಗೆ ಕೂತರೂ ಆಯಿಲ್‌ನಲ್ಲಿ ಊದಿಕೊಂಡು ಹಾಳಾಗುತ್ತದೆ.

ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಕಪ್ಪು ಜಿಡ್ಡು ಕಟ್ಟಿತ್ತು. ಜಾಲರಿ ಕಟ್ಟಿಕೊಂಡರೂ ಪಂಪ್‌ಗೆ ಆಯಿಲ್ ಸಾಲದೆ ಇದೇ ಸದ್ದು ಬರುತ್ತದೆ. ತೊಳೆದು ಹಾಕಿದೆ. ಆಮೇಲೆ ಮುಂದಿನ ಚಕ್ರ ಎರಡನ್ನೂ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ವಾಪಸ್ ಬರುವ ಪೈಪನ್ನು ಬಾಟಲಿಗೆ ಬಿಟ್ಟು, ಡಬ್ಬಿಯ ಆ ತೂತಿಗೆ ಬಿರಡೆ ಹಾಕಿ, ಎಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಈ ಲಾಕ್‌ನಿಂದ ಆ ಲಾಕ್‌ಗೆ ನಿಧಾನಕ್ಕೆ ತಿರುಗಿಸಿದೆ. ಹಳೆ ಆಯಿಲ್ ಹೊರಗೆ ಬರುತ್ತದೆ, ಮೇಲಿಂದ ಹೊಸದು ಸುರಿಯುತ್ತಾ ಹೋಗಬೇಕು. ಡಬ್ಬಿ ಒಮ್ಮೆಯೂ ಖಾಲಿ ಆಗಬಾರದು. ಎಂಜಿನ್ ಓಡಿಸಿ ಈ ಕೆಲಸ ಮಾಡಿದರೆ ಬೇಗ ಆಗುತ್ತದೆ ನಿಜ, ಆದರೆ ಒಂದು ಕ್ಷಣ ಆಯಿಲ್ ತಪ್ಪಿದರೂ ಪಂಪ್ ಒಣಗಿ ಓಡುತ್ತದೆ. ಪೈಪ್ ಮತ್ತೆ ಜೋಡಿಸಿದ ಮೇಲೂ ಅದೇ ಥರ ಲಾಕ್‌ನಿಂದ ಲಾಕ್‌ಗೆ ತಿರುಗಿಸುತ್ತಾ ಇದ್ದೆ. ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಂತ ಮೇಲೇ ಸ್ಟಾರ್ಟ್ ಮಾಡಿದ್ದು.

ಯಾವ ಆಯಿಲ್ ಅನ್ನುವುದು ಡಬ್ಬಿಯ ಮುಚ್ಚಳದ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಈ ಗಾಡಿಗೆ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್. ಒಂದು ಮಾತು ಖಂಡಿತ ನೆನಪಿಡಿ. ಬ್ರೇಕ್ ಆಯಿಲ್ ಇಲ್ಲಿ ಒಂದು ಹನಿಯೂ ಬೀಳಬಾರದು. ಪಂಪ್, ಬಾಕ್ಸ್ ಎರಡರ ಸೀಲ್‌ಗಳೂ ಊದಿಕೊಂಡು ಹೋಗುತ್ತವೆ.

ಬೆಲ್ಟ್ ವಿಷಯ ಬೇಗ ಮುಗಿಯಿತು. ಇದು ವಿ ಬೆಲ್ಟ್. ಪುಲ್ಲಿಯ ಎರಡು ಪಕ್ಕದ ಗೋಡೆಗಳನ್ನು ಹಿಡಿದು ಎಳೆಯಬೇಕು, ತಳಕ್ಕೆ ತಾಗಬಾರದು. ಬೆಲ್ಟ್ ತೆಗೆದು ನೋಡಿದರೆ ಪುಲ್ಲಿಯ ತಳ ಉಜ್ಜಿಸಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕಗಳು ಸವೆದು ಬೆಲ್ಟ್ ತಳಕ್ಕೆ ಇಳಿದಿತ್ತು. ಹೀಗಾದ ಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಜಾಸ್ತಿ ಬಿಗಿ ಮಾಡಿದರೆ ಪಂಪ್‌ನ ಬೇರಿಂಗ್ ಹೋಗುತ್ತದೆ. ಬೆಲ್ಟ್‌ಗೆ ಸೋಪು ಹಚ್ಚುವುದು, ಸ್ಪ್ರೇ ಹೊಡೆಯುವುದು ಇದಕ್ಕೆಲ್ಲ ಪರಿಹಾರ ಅಲ್ಲ. ಹೊಸ ಬೆಲ್ಟ್ ಹಾಕಿ, ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗುವ ಹಾಗೆ ಬಿಗಿ ಮಾಡಿದೆ. ‘ಕಿರ್ರ್’ ಹೋಯಿತು. ಪೂರ್ತಿ ಲಾಕ್‌ನಲ್ಲಿ ‘ಸ್ಸ್’ ಅನ್ನುವ ಸದ್ದು ಮಾತ್ರ ಉಳಿಯಿತು. ಅದು ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್ ತೆರೆದುಕೊಳ್ಳುವ ಸದ್ದು, ಇರಬೇಕಾದದ್ದೇ. ಲಾಕ್‌ನಲ್ಲಿ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಹಿಡಿದಿಡಬೇಡಿ, ಆಯಿಲ್ ಕಾಯುತ್ತದೆ.

ಕಾಲಡಿಯ ‘ಟಕ್’

ಈ ‘ಟಕ್’ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತ್ತು. ಪಂಪ್ ಕೆಟ್ಟರೆ ಸ್ಟೀರಿಂಗ್ ಭಾರ ಆಗುತ್ತದೆ, ಆದರೂ ಗಾಡಿ ತಿರುಗುತ್ತದೆ. ಕೀಲು ಕಳಚಿದರೆ ಗಾಡಿ ನಮ್ಮ ಕೈಯಲ್ಲೇ ಇರುವುದಿಲ್ಲ.

ಇದನ್ನು ಹುಡುಕುವಾಗ ಚಕ್ರ ಎತ್ತಬಾರದು. ಚಕ್ರ ಗಾಳಿಯಲ್ಲಿದ್ದರೆ ಕೀಲುಗಳ ಮೇಲೆ ಭಾರ ಇರುವುದಿಲ್ಲ, ಸಡಿಲವೆಲ್ಲ ಅಡಗಿಕೊಳ್ಳುತ್ತದೆ. ಗಾಡಿ ತನ್ನ ಚಕ್ರದ ಮೇಲೇ ನಿಲ್ಲಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಕೊಟ್ಟು, ಎಂಜಿನ್ ಓಡಿಸಿ, ತಮ್ಮನನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಪೂರ್ತಿ ತಿರುಗಿಸಬೇಕಿಲ್ಲ. ಗಡಿಯಾರದ 11ರಿಂದ 1ರವರೆಗೆ ಎಡಕ್ಕೆ ಬಲಕ್ಕೆ, ಒಂದೇ ಲಯದಲ್ಲಿ. ನಾನು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಅಂಗೈ ಇಟ್ಟು ನೋಡುತ್ತಾ ಹೋದೆ. ಬೆರಳನ್ನು ಕೀಲಿನ ಸಂದಿಗೆ ಹಾಕಬಾರದು, ಚಕ್ರ ಮತ್ತು ಚಾಸಿಯ ನಡುವೆ ತಲೆ ಒಯ್ಯಬಾರದು. ಸದ್ದು ಚಾಸಿ ತುಂಬಾ ಹರಡುತ್ತದೆ, ಕಿವಿ ನಂಬಿದರೆ ದಾರಿ ತಪ್ಪುತ್ತದೆ. ಕೈಗೆ ಮಾತ್ರ ಸರಿಯಾದ ಜಾಗ ಗೊತ್ತಾಗುತ್ತದೆ.

ಮೇಲಿನಿಂದ ಶುರು. ರಬ್ಬರ್ ಕಪ್ಲಿಂಗ್‌ನ ಅಂಚು ಸ್ವಲ್ಪ ಬಿರಿದಿತ್ತು. ಆದರೆ ಮೇಲಿನ ಭಾಗ ತಿರುಗಿದ ಕ್ಷಣವೇ ಕೆಳಗಿನದೂ ತಿರುಗುತ್ತಿತ್ತು. ಅದು ಬಚಾವ್. ಮುಂದೆ ಬಾಕ್ಸ್. ಒಳಗೆ ಹೋಗುವ ಶಾಫ್ಟ್ ತುಸು ತಿರುಗಿದ ಮೇಲೆ ಪಿಟ್‌ಮನ್ ಆರ್ಮ್ ಹೊರಡುತ್ತಿತ್ತು. ಸ್ವಲ್ಪ ಸಡಿಲ ಇದೆ, ವಯಸ್ಸಾದ ಬಾಕ್ಸ್‌ನಲ್ಲಿ ಇರುತ್ತದೆ. ಆದರೆ ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟ್‌ಗಳಲ್ಲಿ ಒಂದರ ತಲೆಯ ಕೆಳಗಿಂದ ಕಂದುಗೆಂಪು ಪುಡಿ ಇಳಿದು, ಒಣಗಿದ ಗೆರೆ ಬಿದ್ದಿತ್ತು. ಹೀಗೆ ಪುಡಿ ಇಳಿದಿದ್ದರೆ ಅಲ್ಲಿ ಎರಡು ಲೋಹ ಒಂದನ್ನೊಂದು ಉಜ್ಜುತ್ತಿವೆ ಅಂತಲೇ ಅರ್ಥ. ಕಣ್ಣಿಗೆ ಬಾಕ್ಸ್ ಅಲುಗಿದ್ದು ಕಾಣಲಿಲ್ಲ. ಬೆರಳ ತುದಿಯನ್ನು ಅರ್ಧ ಬಾಕ್ಸ್ ಮೇಲೆ ಅರ್ಧ ಚಾಸಿ ಮೇಲೆ ಬರುವ ಹಾಗೆ ಇಟ್ಟಾಗ ಸಣ್ಣ ಜಗ್ಗು ಗೊತ್ತಾಯಿತು. ಬೋಲ್ಟ್ ಸುತ್ತಲಿನ ಚಾಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ಬಿರುಕಿದೆಯಾ ಅಂತ ನೋಡಿದೆ. ಹಳೆ ಪಿಕಪ್‌ಗಳಲ್ಲಿ ಬಾಕ್ಸ್ ಕೂತ ಜಾಗದಲ್ಲೇ ಚಾಸಿ ಬಿರುಕು ಬಿಡುವುದುಂಟು. ಇಲ್ಲಿ ಇರಲಿಲ್ಲ. ಎಲ್ಲ ಬೋಲ್ಟ್‌ಗಳನ್ನೂ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ (ಟಾರ್ಕ್) ಬಿಗಿ ಮಾಡಿ, ಬೋಲ್ಟ್ ತಲೆಯಿಂದ ಚಾಸಿಗೆ ಒಂದು ಬಿಳಿ ಬಣ್ಣದ ಗೆರೆ ಎಳೆದೆ. ಮತ್ತೆ ಸಡಿಲ ಆದರೆ ಗೆರೆ ಮುರಿದಿರುತ್ತದೆ.

‘ಟಕ್’ ಅರ್ಧಕ್ಕರ್ಧ ಕಡಿಮೆಯಾಯಿತು, ಹೋಗಲಿಲ್ಲ.

ಪಿಟ್‌ಮನ್ ಕಡೆ ಸರಿ. ಟೈ ರಾಡ್ ಎಂಡ್ ನಾಲ್ಕೂ ಸರಿ. ಐಡ್ಲರ್ ಆರ್ಮ್ ಮೇಲೆ ಕೈ ಇಟ್ಟ ತಕ್ಷಣ ಅಂಗೈಗೆ ಏಟು ಬಿದ್ದ ಹಾಗಾಯಿತು. ಮೇಲಿಂದ ತಮ್ಮನೂ ಕೂಗಿದ. ‘ಅಣ್ಣಾ, ಈಗ ಬಂತು ನೋಡು, ಸ್ಟೀರಿಂಗ್‌ಗೂ ಗೊತ್ತಾಯ್ತು.’ ‘ಇನ್ನೊಂಚೂರು ನಿಧಾನ ಆಡಿಸೋ’ ಅಂದೆ. ನಿಧಾನಕ್ಕೆ ಆಡಿಸಿದಾಗ ಕಣ್ಣಿಗೂ ಕಂಡಿತು. ಐಡ್ಲರ್ ಆರ್ಮ್ ಅಡ್ಡಕ್ಕೆ ಮಾತ್ರ ತಿರುಗಬೇಕು. ಇದು ಕೀಲು ಸಡಿಲವಾದ ಬಾಗಿಲಿನ ಹಾಗೆ, ತಿರುಗುವ ಮೊದಲು ಒಮ್ಮೆ ಮೇಲಕ್ಕೇಳುತ್ತಿತ್ತು, ಆಮೇಲೆ ತಿರುಗಿ, ಮತ್ತೆ ಕೆಳಕ್ಕೆ ಕೂರುತ್ತಿತ್ತು. ಆ ಕೂರುವ ಸದ್ದೇ ‘ಟಕ್’. ಎಂಜಿನ್ ಆಫ್ ಮಾಡಿ ಸೆಂಟರ್ ಲಿಂಕ್‌ನ ಆ ತುದಿಯನ್ನು ಕೈಯಿಂದ ಮೇಲೆ ಕೆಳಗೆ ದೂಡಿದರೆ ಸುಲಭವಾಗಿ ಅಲ್ಲಾಡುತ್ತಿತ್ತು. ಒಳಗಿನ ಬಳೆಯಂಥ ಬುಷ್ ಪೂರ್ತಿ ಸವೆದಿತ್ತು.

ಐಡ್ಲರ್ ಸವೆದರೆ ಸದ್ದಷ್ಟೇ ಅಲ್ಲ. ಲಿಂಕ್‌ನ ಆ ತುದಿ ಮೇಲೆ ಕೆಳಗೆ ಹೋದ ಹಾಗೆಲ್ಲ ಆ ಕಡೆಯ ಚಕ್ರದ ದಿಕ್ಕೂ ಬದಲಾಗುತ್ತದೆ. ಗುಂಡಿ ಹಾರಿದಾಗ ಗಾಡಿ ಒಂದು ಕಡೆ ಸೆಳೆಯುತ್ತಿದ್ದುದಕ್ಕೂ ಇದೇ ಕಾರಣ. ಅಂಥದ್ದನ್ನು ರಸ್ತೆಯ ದೋಷ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಬಿಚ್ಚುವಾಗ ಎರಡು ವಿಷಯ. ಮೊದಲು, ಆರ್ಮ್‌ನ ಎತ್ತರವನ್ನು ಚಾಸಿಯಿಂದ ಅಳೆದು ಬರೆದಿಟ್ಟೆ. ಸವೆದ ಬುಷ್‌ನಿಂದ ಅದು ಜೋತು ಬಿದ್ದಿರುತ್ತದೆ, ಹಾಗಾಗಿ ಪಿಟ್‌ಮನ್ ಕಡೆಯ ತುದಿಯ ಎತ್ತರವನ್ನೂ ಅಳೆದೆ. ಹೊಸದು ಹಾಕಿದ ಮೇಲೆ ಸೆಂಟರ್ ಲಿಂಕ್ ಮಟ್ಟಸವಾಗಿ ಕೂರಬೇಕು. ಓರೆ ಕೂತರೆ ಗುಂಡಿಯಲ್ಲಿ ಗಾಡಿ ತಾನಾಗೇ ತಿರುಗುವ ತೊಂದರೆ ಹಾಗೇ ಉಳಿಯುತ್ತದೆ. ಎರಡನೆಯದು, ಲಿಂಕ್‌ನಿಂದ ಕೀಲು ಬಿಡಿಸುವುದು. ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಸ್ವಲ್ಪ ಸಡಿಲ ಮಾಡಿ, ಪೂರ್ತಿ ತೆಗೆಯದೆ ಬಿಟ್ಟೆ. ಕೀಲಿನ ದಪ್ಪ ಪಿನ್ ಮೊನೆ ಕಡೆ ಸಪೂರ ಆಗುತ್ತಾ ಹೋಗುತ್ತದೆ, ಲಿಂಕ್‌ನ ಕಣ್ಣಿನೊಳಗೆ (ತೂತಿನಲ್ಲಿ) ಬಿಗಿಯಾಗಿ ಕೂತಿರುತ್ತದೆ. ಕೆಳಗಿಂದ ಮೇಲೆ ಹೊಡೆದರೆ ಬರುವುದಿಲ್ಲ, ಥ್ರೆಡ್ ಹಾಳಾಗುತ್ತದೆ. ಲಿಂಕ್‌ನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಗಟ್ಟಿಯಾಗಿ ಹೊಡೆದೆ. ಕಣ್ಣು ಒಂದು ಕ್ಷಣ ಅಗಲ ಆಗಿ ಪಿನ್ ಬಿಟ್ಟುಕೊಂಡಿತು. ನಟ್ಟು ಇದ್ದುದರಿಂದ ಲಿಂಕ್ ಕೈಮೇಲೆ ಬೀಳಲಿಲ್ಲ. ಕವಲು ಬಾಯಿಯ ಉಳಿ ಬಳಸಿಯೂ ಬಿಡಿಸಬಹುದು. ಆದರೆ ಅದು ಕೀಲಿನ ರಬ್ಬರ್ ಮುಸುಕನ್ನು (ಬೂಟ್) ಹರಿದುಬಿಡುತ್ತದೆ. ಎಸೆಯುವ ಕೀಲಿಗೆ ಮಾತ್ರ ಅದು ಸರಿ.

ಹೊಸ ಆರ್ಮ್ ಕೂರಿಸಿ ಟಾರ್ಕ್ ಕೊಟ್ಟಾಗ ನಟ್ಟಿನ ಸೀಳು ಪಿನ್ನಿನ ತೂತಿಗೆ ಸರಿಯಾಗಿ ಬರಲಿಲ್ಲ. ಆಗ ಇನ್ನೂ ಸ್ವಲ್ಪ ಬಿಗಿ ಮಾಡಿಯೇ ತೂತಿಗೆ ಹೊಂದಿಸಬೇಕು. ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು. ಹೊಸ ಸ್ಪ್ಲಿಟ್ ಪಿನ್ ಹಾಕಿದೆ, ಹಳೆಯದನ್ನು ನೇರ ಮಾಡಿ ಮತ್ತೆ ಬಳಸುವುದು ಬೇಡ. ಗ್ರೀಸ್ ಹೊಡೆದದ್ದು ಬೂಟ್ ಸ್ವಲ್ಪ ಉಬ್ಬುವವರೆಗೆ ಮಾತ್ರ. ಇದಾದ ಮೇಲೆ ‘ಟಕ್’ ಪೂರ್ತಿ ಹೋಯಿತು. ಸ್ಟೀರಿಂಗ್‌ನ ಸಡಿಲವೂ ಅರ್ಧಕ್ಕಿಂತ ಕಡಿಮೆಯಾಯಿತು.

ಕುಣಿತ

ನಡುಕದ ಮಾತು ಬಂದ ಕೂಡಲೇ ‘ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ’ ಅನ್ನುವವರು ಇದ್ದಾರೆ. ಡ್ಯಾಂಪರ್ ನಡುಕವನ್ನು ನುಂಗುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಕೈಗೆ ಬರುವ ಎಚ್ಚರಿಕೆಯೇ ನಿಂತುಹೋಗುತ್ತದೆ. ಕಾರಣ ಸಿಗುವ ಮೊದಲು ಅದನ್ನು ಮುಟ್ಟಬಾರದು.

ಈಗ ಚಕ್ರ ಎತ್ತುವ ಸರದಿ. ಜಾಕನ್ನು ಕೆಳಗಿನ ಕಂಟ್ರೋಲ್ ಆರ್ಮ್‌ಗೆ, ಚಕ್ರಕ್ಕೆ ಆದಷ್ಟು ಹತ್ತಿರ ಕೊಟ್ಟೆ. ಈ ಗಾಡಿಯಲ್ಲಿ ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮ್ ಮೇಲೆ. ಹಾಗೆ ಎತ್ತಿದರೆ ಮಾತ್ರ ಕೆಳಗಿನ ಬಾಲ್ ಜಾಯಿಂಟ್ (ಆರ್ಮ್‌ನ ತುದಿಯ ಗುಂಡಿನಂಥ ಕೀಲು) ಮೇಲಿನ ಭಾರ ಇಳಿದು ಅದರ ಸಡಿಲ ಗೊತ್ತಾಗುತ್ತದೆ. ಟೈರನ್ನು 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದೆ. ಬಲಗಡೆ ಸಣ್ಣ ಸಡಿಲ. ಅದು ಬೇರಿಂಗ್‌ನದಾ, ಬಾಲ್ ಜಾಯಿಂಟ್‌ನದಾ? ತಮ್ಮನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದೆ. ಸಡಿಲ ಮಾಯ. ಬ್ರೇಕ್ ಒತ್ತಿದಾಗ ಚಕ್ರ ಕೂತಿರುವ ಹಬ್ ಮತ್ತು ಅದನ್ನು ಹೊತ್ತ ‘ನಕಲ್’ ಅನ್ನುವ ಭಾಗ ಒಂದಾಗುತ್ತವೆ, ಬೇರಿಂಗ್‌ನ ಸಡಿಲ ಅಡಗುತ್ತದೆ. ಬಾಲ್ ಜಾಯಿಂಟ್‌ನದಾಗಿದ್ದರೆ ಬ್ರೇಕ್ ಒತ್ತಿದರೂ ಅಲ್ಲಾಡುತ್ತಿತ್ತು.

ಬೇರಿಂಗ್ ತೊಳೆದು ನೋಡಿದೆ. ರೋಲರ್‌ಗಳು ನುಣುಪಾಗಿದ್ದವು, ನೀಲಿ ಕಲೆ, ಗುಳಿ ಇಲ್ಲ. ಹೊಸ ಗ್ರೀಸ್ ತುಂಬಿ, ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ, ರೋಲರ್ ಸರಿಯಾಗಿ ಕೂತ ಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಿಂದ ಮಾತ್ರ ಮುಟ್ಟಿಸಿದೆ. ಇಂಥ ಬೇರಿಂಗ್‌ಗೆ 0.03ರಿಂದ 0.13 ಮಿ.ಮೀ.ನಷ್ಟು ಸಡಿಲ ಬೇಕೇ ಬೇಕು. ಸ್ವಲ್ಪವೂ ಸಡಿಲ ಇರಬಾರದು ಅಂತ ಬಿಗಿದರೆ ಬಿಸಿಯಾಗಿ ಸುಟ್ಟುಹೋಗುತ್ತದೆ.

ಓಡಿಸಿ ನೋಡಿದರೆ ಕುಣಿತ ಹಾಗೇ ಇತ್ತು.

ವ್ಹೀಲ್ ಬ್ಯಾಲೆನ್ಸಿಂಗ್ ಮೊದಲೇ ಆಗಿತ್ತು. ನಾಲ್ಕೂ ಚಕ್ರಕ್ಕೆ ಮೆಷಿನ್ ಸೊನ್ನೆ ತೋರಿಸಿತ್ತು. ಆದರೆ ಒಂದು ವಿಷಯ ಗಮನಿಸಬೇಕು. ಸಾಮಾನ್ಯ ಬ್ಯಾಲೆನ್ಸಿಂಗ್ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ನೆಲಕ್ಕೆ ಒತ್ತುವುದಿಲ್ಲ. ತೂಕ ಒಂದೇ ಸಮ ಇದೆಯಾ ಅಂತ ಹೇಳುತ್ತದೆ. ಟೈರ್ ಗುಂಡಗಿದೆಯಾ, ಸುತ್ತಲೂ ಒಂದೇ ಗಟ್ಟಿ ಇದೆಯಾ ಅಂತ ಹೇಳುವುದಿಲ್ಲ. ಉಬ್ಬಿದ ಟೈರಿಗೂ ಸೀಸದ ತುಂಡು ಅಂಟಿಸಿ ಸೊನ್ನೆ ತರಬಹುದು.

ಸ್ಟ್ಯಾಂಡ್ ಒಂದಕ್ಕೆ ಗಟ್ಟಿ ತಂತಿ ಕಟ್ಟಿ, ಅದರ ಮೊನೆ ಟೈರಿನ ಮೇಲ್ಮೈಗೆ ಸ್ವಲ್ಪವೇ ಅಂತರದಲ್ಲಿ ಇರುವ ಹಾಗೆ ಇಟ್ಟು ಚಕ್ರವನ್ನು ನಿಧಾನಕ್ಕೆ ತಿರುಗಿಸಿದೆ. ಬಲಗಡೆ ಚಕ್ರದಲ್ಲಿ ಅಂತರ ಸಮನಾಗೇ ಇತ್ತು. ಎಡಗಡೆ ತಿರುಗಿಸುತ್ತಿದ್ದಾಗ ಒಂದು ಕಡೆ ರಬ್ಬರ್ ಬಂದು ತಂತಿಗೆ ತಾಗಿತು, ಮುಂದೆ ಮತ್ತೆ ಬಿಟ್ಟಿತು. ರಿಮ್ ಅಂಚಿಗೆ ತಂತಿ ಹಿಡಿದು ನೋಡಿದರೆ ರಿಮ್ ನೇರವಾಗಿತ್ತು. ಅಂದರೆ ಟೈರೇ ಉಬ್ಬಿದೆ. ತಾಗಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಂಗೈಯಿಂದ ಸವರಿದೆ. ಸುಮಾರು ಅಂಗೈ ಅಗಲದ ದಿಬ್ಬ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆ ಜಾಗದಲ್ಲಿ ಮಾತ್ರ ಗೀರುಗಳ ಅಂಚು ಬೇರೆ ಕಡೆಗಿಂತ ಜಾಸ್ತಿ ಸವೆದು ನುಣ್ಣಗಾಗಿತ್ತು. ಒಳಗೆ ಉಕ್ಕಿನ ತಂತಿಯ ಪದರ ರಬ್ಬರ್‌ನಿಂದ ಬಿಟ್ಟುಕೊಂಡಿದೆ ಅನ್ನುವುದಕ್ಕೆ ಇದೇ ಗುರುತು.

ಟೈರಿನ ಪಕ್ಕದಲ್ಲಿ ತಯಾರಾದ ದಿನದ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2315 ಅಂದರೆ 2015ರ 23ನೇ ವಾರ. ಈ ಟೈರ್‌ನಲ್ಲಿ ಗೀರು ಇನ್ನೂ ಆಳ ಇತ್ತು, ವಯಸ್ಸು ಮಾತ್ರ ಜಾಸ್ತಿ ಆಗಿತ್ತು. ಕಡಿಮೆ ಓಡುವ ಹಳೆ ಪಿಕಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಗೀರು ನೋಡಿ ಟೈರ್ ಚೆನ್ನಾಗಿದೆ ಅನ್ನುತ್ತೇವೆ, ಅಂಕಿ ಓದುವುದಿಲ್ಲ.

ಅನುಮಾನ ಇದ್ದರೆ ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡಿ ಅನ್ನುತ್ತಾರೆ. ಬ್ಯಾಲೆನ್ಸ್ ಸಮಸ್ಯೆಗೆ ಅದು ಒಳ್ಳೆಯ ಪರೀಕ್ಷೆ. ಆದರೆ ಪದರ ಬಿಟ್ಟ ಟೈರನ್ನು ಹಿಂದೆಯೂ ಹಾಕಬಾರದು. ವೇಗದಲ್ಲಿ ಸಿಪ್ಪೆ ಎದ್ದ ಹಾಗೆ ಮೇಲಿನ ರಬ್ಬರ್ ಪೂರ್ತಿ ಕಿತ್ತು ಬರುತ್ತದೆ. ಅದೇ ಅಳತೆಯ ಸ್ಟೆಪ್ನಿ ಹಾಕಿ ಓಡಿಸಿದೆ. 75 ದಾಟಿತು, 80, 85. ಸ್ಟೀರಿಂಗ್ ಮೇಲೆ ಎರಡು ಬೆರಳು ಮಾತ್ರ ಇಟ್ಟಿದ್ದೆ, ಅಲುಗಲಿಲ್ಲ. ಆಮೇಲೆ ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದೆ.

ಮೊದಲು ಆ ವೇಗದಲ್ಲೇ ಯಾಕೆ ಕುಣಿಯುತ್ತಿತ್ತು ಅಂದರೆ, ಮುಂದಿನ ಸಸ್ಪೆನ್ಶನ್ ಮತ್ತು ಸ್ಟೀರಿಂಗ್ ಕೊಂಡಿಗಳಿಗೆ ತಮ್ಮದೇ ಒಂದು ಲಯ ಇರುತ್ತದೆ. ಚಕ್ರ ಸೆಕೆಂಡಿಗೆ 10–11 ಸುತ್ತಿಗೆ ಬಂದಾಗ ದಿಬ್ಬದ ಏಟು ಆ ಲಯಕ್ಕೆ ಕೂಡಿಕೊಳ್ಳುತ್ತದೆ. ವೇಗ ಅದನ್ನು ದಾಟಿದರೆ ಲಯ ತಪ್ಪಿ ನಡುಕ ಕಡಿಮೆಯಾಗುತ್ತದೆ. ದೋಷ ಮಾತ್ರ ಅಲ್ಲೇ ಇರುತ್ತದೆ. ‘90 ದಾಟಿಸಿದರೆ ಸರಿಹೋಗುತ್ತೆ’ ಅಂತ ಓಡಿಸುವುದು ಅಪಾಯ.

ಉಳಿದ ‘ಝುಂ’

ಕುಣಿತ ಹೋದ ಮೇಲೆ ಸೀಟಿನ ಕೆಳಗಿನ ‘ಝುಂ’ ಚೆನ್ನಾಗಿ ಗೊತ್ತಾಯಿತು. ಅದೇ ವೇಗದಲ್ಲಿ ಗೇರ್ ಬದಲಾಯಿಸಿದರೂ ಅದು ಬದಲಾಗಲಿಲ್ಲ, ಹಾಗಾಗಿ ಎಂಜಿನ್ ಅಲ್ಲ. ಆಕ್ಸಿಲರೇಟರ್ ಒತ್ತಿದರೆ ಹೆಚ್ಚು, ಬಿಟ್ಟರೆ ಕಡಿಮೆ. ಪ್ರೊಪೆಲ್ಲರ್ ಶಾಫ್ಟ್ ಕಡೆಯ ಲಕ್ಷಣ. ಕೆಳಗೆ ಹೋಗಿ ನೋಡಿದರೆ ಶಾಫ್ಟ್‌ನ ಹಿಂದಿನ ಕ್ರಾಸ್‌ನ, ಅಂದರೆ ಅಡ್ಡಕೀಲಿನ, ಒಂದು ಕಪ್ ಸುತ್ತ ತುಕ್ಕಿನ ಪುಡಿ. ಶಾಫ್ಟ್ ಆಕ್ಸಲ್‌ಗೆ ಸೇರುವ ಬಿಲ್ಲೆಯ (ಫ್ಲೇಂಜ್) ಮೇಲೆ ಗುರುತು ಹಾಕಿ ಶಾಫ್ಟ್ ಇಳಿಸಿದೆ, ಬಿಚ್ಚಿದ ಹಾಗೆಯೇ ಕೂರಬೇಕು, ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪುತ್ತದೆ. ಕ್ರಾಸ್ ಕೈಯಲ್ಲಿ ತಿರುಗಿಸಿದರೆ ನಡುವೆ ಒಂದು ಕಡೆ ಕಚ್ಚಿಕೊಳ್ಳುತ್ತಿತ್ತು. ಸೂಜಿ ರೋಲರ್‌ಗಳು ಒಂದೇ ಜಾಗದಲ್ಲಿ ಕೂತು ಗೀರು ಕೊರೆದಿದ್ದವು. ಹೊಸ ಕ್ರಾಸ್ ಹಾಕಿದೆ, ‘ಝುಂ’ ನಿಂತಿತು. ನಡುವಿನ ಬೇರಿಂಗ್‌ನ ರಬ್ಬರ್ ಚೆನ್ನಾಗಿತ್ತು.

ಐಡ್ಲರ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅಲ್ಲಿಗೆ ಹೋಗುವವರೆಗೆ ಟೈರ್ ಸವೆಯದಿರಲಿ ಅಂತ ಎರಡು ಚಕ್ರಗಳ ನಡುವಿನ ದೂರವನ್ನು ಮುಂದಿನ ಅಂಚಿನಲ್ಲಿ, ಹಿಂದಿನ ಅಂಚಿನಲ್ಲಿ ಟೇಪ್ ಹಿಡಿದು ಅಳೆದು, ಟೈ ರಾಡ್ ತಿರುಗಿಸಿ ಹೆಚ್ಚುಕಡಿಮೆ ಸರಿಮಾಡಿಕೊಂಡೆ.

ಕೊನೆಗೆ ಉಳಿದದ್ದು ಬಾಕ್ಸ್ ಒಳಗಿನ ಆ ಸಣ್ಣ ಸಡಿಲ. ಮೇಲಿರುವ ಸ್ಕ್ರೂ ಬಿಗಿ ಮಾಡಿದರೆ ಅದು ಕಡಿಮೆಯಾಗುತ್ತದೆ. ಸುಲಭದ ಕೆಲಸ ಅಂತ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ನಾನು ಮುಟ್ಟಲಿಲ್ಲ. ಬಾಕ್ಸ್‌ನ ಗೇರ್‌ಗಳು ನೇರ ಇರುವಾಗ ಬಿಗಿ, ತಿರುಗಿಸಿದಾಗ ಸ್ವಲ್ಪ ಸಡಿಲ ಇರುವ ಹಾಗೇ ಮಾಡಿರುತ್ತಾರೆ. ಚಕ್ರ ತಿರುಗಿಸಿಟ್ಟು ಸ್ಕ್ರೂ ಬಿಗಿದರೆ ನೇರಕ್ಕೆ ಬಂದಾಗ ಗೇರ್ ಕಚ್ಚಿಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ವಾಪಸ್ ಬರುವುದು ನಿಲ್ಲುತ್ತದೆ. ಬಿಗಿ ಮಾಡಲೇಬೇಕಾದರೆ ಸ್ಟೀರಿಂಗ್ ನೇರ ಇಟ್ಟು, ಪಿಟ್‌ಮನ್ ಕಡೆಯ ಕೊಂಡಿ ಬಿಚ್ಚಿ, ಕೈಪಿಡಿಯಲ್ಲಿ ಹೇಳಿದ ಎಳೆತಕ್ಕೆ ಹೊಂದಿಸಬೇಕು. ಈಗ ಉಳಿದಿರುವ ಸಡಿಲ ಸ್ಟೀರಿಂಗ್ ಅಂಚಿನಲ್ಲಿ ಒಂದು ಬೆರಳು ಅಗಲ ಅಷ್ಟೆ, ಕೈಪಿಡಿಯ ಮಿತಿಯ ಒಳಗೇ ಇದೆ.

ಸ್ವಲ್ಪ ಓಡಿಸಿದ ಮೇಲೆ ಮತ್ತೆ ಕೆಳಗೆ ಹೋಗಿ ನೋಡಿದೆ. ಬೋಲ್ಟ್‌ಗಳ ಮೇಲಿನ ಬಿಳಿ ಗೆರೆ ಮುರಿದಿಲ್ಲ. ಆಯಿಲ್ ಕೆಂಪಗೆ ತಿಳಿಯಾಗಿದೆ, ಹೊಸ ಬೆಲ್ಟ್ ಸ್ವಲ್ಪ ಹಿಗ್ಗಿತ್ತು, ಮತ್ತೊಮ್ಮೆ ಬಿಗಿ ಮಾಡಿದೆ. ಕೆಳಗಿನ ಕಂಟ್ರೋಲ್ ಆರ್ಮ್‌ನ ಬುಷ್‌ಗಳ ಅಂಚು ಒಡೆಯಲು ಶುರುವಾಗಿದೆ, ಮುಂದೆ ಅವನ್ನೂ ಬದಲಾಯಿಸಬೇಕು. ಅವುಗಳ ಬೋಲ್ಟ್‌ಗೆ ಕೊನೆಯ ಬಿಗಿ ಕೊಡುವುದು ಗಾಡಿಯನ್ನು ನೆಲಕ್ಕಿಳಿಸಿ, ಭಾರ ಪೂರ್ತಿ ಚಕ್ರದ ಮೇಲೆ ಬಂದ ಮೇಲೇ. ಗಾಳಿಯಲ್ಲಿದ್ದಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹೊಸ ಬುಷ್ ಬೇಗ ಹರಿಯುತ್ತದೆ.